ಬೆನ್ನ ಮೇಲಿನ ಕೈ, ಕಾಲೊಳಗಿನ ಬಲ



ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ಪ್ರಶ್ನೆ ಕೇಳಲು ಚಿಕ್ಕದು. ಬೆನ್ನುಮೂಳೆಯ ಮೇಲೆ ಪಳಗಿದ ಕೈಯೊಂದು ಥಟ್ಟನೆ ಒತ್ತಿದರೆ ಸ್ನಾಯುಗಳ ಬಲ ಹೆಚ್ಚುತ್ತದೆಯೆ? ಹೆಚ್ಚಿದರೂ ಆ ಬಲ ಓಟದಲ್ಲಿ, ಜಿಗಿತದಲ್ಲಿ, ಚೆಂಡಿಗೆ ಬೀಳುವ ಒದೆತದಲ್ಲಿ ಕಾಣಿಸಿಕೊಳ್ಳುತ್ತದೆಯೆ?

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಪ್ರಶ್ನೆ ಎರಡು ವೇಷದಲ್ಲಿ ಓಡಾಡುತ್ತಿದೆ. ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಅದು ಕೈರೋಪ್ರಾಕ್ಟಿಕ್, ಸ್ಪೋರ್ಟ್ಸ್ ರಿಕವರಿ ಎಂಬ ಫಲಕಗಳ ಕೆಳಗೆ, ಹವಾನಿಯಂತ್ರಿತ ಕೋಣೆಯಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ ಇದೆ. ಆ ವಿಡಿಯೋಗಳಲ್ಲಿ ಕತ್ತಿನ ಪಕ್ಕದಲ್ಲೇ ಮೈಕು ಇಟ್ಟಿರುತ್ತಾರೆ. ಟಕ್ ಎಂಬ ಸದ್ದೇ ಅಲ್ಲಿ ಚಿಕಿತ್ಸೆಗೆ ಸಾಕ್ಷಿ. ಶಿವಾಜಿನಗರ, ಹಲಸೂರುಗಳ ಒಳಬೀದಿಗೆ ಬಂದರೆ ಮುರಿದ ಮೂಳೆಗೆ ಹಾಕುವ ಪುತ್ತೂರು ಕಟ್ಟಿನ ಫಲಕ, ಎಣ್ಣೆ ಹಚ್ಚಿ ಉಳುಕು ತೆಗೆಯುವವರು, ತಲೆಗೆ ಚಂಪಿ ಮಾಡಿದ ಮೇಲೆ ನಮ್ಮನ್ನು ಕೇಳದೆಯೇ ಕತ್ತಿನ ನೆಟಿಗೆ ತೆಗೆದುಬಿಡುವ ಕ್ಷೌರಿಕರು. ಒಂದು ಕಡೆ ಕೈಯಲ್ಲಿ ರಸೀದಿ ಇಡುವ ಸೇವೆ, ಇನ್ನೊಂದು ಕಡೆ ಕ್ಷೌರದ ದುಡ್ಡಿನಲ್ಲೇ ಸೇರಿಹೋದ ಸೇವೆ. ನಂಬಿಕೆ ಮಾತ್ರ ಎರಡೂ ಕಡೆ ಒಂದೇ: ಒಳಗೆ ಏನೋ ಜರುಗಿದೆ, ಅದನ್ನು ಅದರ ಜಾಗದಲ್ಲಿ ಕೂರಿಸಿದರೆ ಬಲ ತಾನಾಗಿ ಬರುತ್ತದೆ.

ನನ್ನ ನಿಲುವನ್ನು ಮೊದಲೇ ತಿಳಿಸಿಬಿಡುತ್ತೇನೆ. ನೋವಿರುವ ಆಟಗಾರನಲ್ಲಿ ನೋವು ಹಿಡಿದಿಟ್ಟಿರುವ ಬಲವನ್ನು ಈ ಕೈ ಸ್ವಲ್ಪ ಹೊತ್ತು ಬಿಡಿಸಬಹುದು. ಇಲ್ಲದ ಬಲವನ್ನು ಅದು ಕೊಡಲಾರದು. ಇವೆರಡರ ವ್ಯತ್ಯಾಸ ಮರೆತದ್ದರಿಂದಲೇ ಈ ಕ್ಷೇತ್ರದಲ್ಲಿ ಇಷ್ಟೊಂದು ಗದ್ದಲ.

ಈ ಚರ್ಚೆಗೆ ಬೆಂಗಳೂರಿನ ದಂಡು ಪ್ರದೇಶಕ್ಕಿಂತ, ಅಂದರೆ ಕಂಟೋನ್ಮೆಂಟಿಗಿಂತ, ತಕ್ಕ ನೆಲ ರಾಜ್ಯದಲ್ಲಿ ಬೇರೆ ಇಲ್ಲವೆಂದೇ ನನ್ನ ಭಾವನೆ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಕವಾಯತು ಮೈದಾನಗಳ ಅಂಚಿನಲ್ಲಿ ಬೆಳೆದ ಬಡಾವಣೆಗಳಿಗೆ ಫುಟ್‌ಬಾಲ್ ಬಂದದ್ದು ಸಿಪಾಯಿಗಳಿಂದ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂದಿಗೂ ಅಂಗಸಾಧನೆಯನ್ನು ನಿತ್ಯದ ಕೆಲಸವಾಗಿ ಮಾಡಿಸುವ ಸಂಸ್ಥೆ. ಹಲಸೂರಿಗೆ ಹತ್ತಿರದ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಆ ಬಡಾವಣೆಯ ಮಕ್ಕಳು ಯಾರನ್ನು ನೋಡುತ್ತಾ ಬೆಳೆಯುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದರು. ಪಂದ್ಯ 2–1ರಲ್ಲಿ ಕೈತಪ್ಪಿತು, ಆದರೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಬಂದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಾಲಿನಿಂದ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆದ ಪಂದ್ಯದಲ್ಲಿ ನಮ್ಮ ಪರವಾಗಿ ಏಕೈಕ ಗೋಲು ಹೊಡೆದರು. ಇನ್ನಷ್ಟು ಪೂರ್ವಕ್ಕೆ ಸರಿದರೆ ಕೆ.ಆರ್. ಪುರದ ಪಕ್ಕದ ದೂರವಾಣಿನಗರ. ಅಲ್ಲಿಯ ಐಟಿಐ ಕಾರ್ಖಾನೆಯ ತಂಡ 1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನನ್ನು 1–0ಯಿಂದ ಸೋಲಿಸಿತು.

ಐಟಿಐಯ ಮಾತು ತೆಗೆದದ್ದು ಅಭಿಮಾನಕ್ಕಾಗಿ ಮಾತ್ರವಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಆಟವೆಂದರೆ ಸಾರ್ವಜನಿಕ ಉದ್ದಿಮೆಯ ಕ್ರೀಡಾ ಕೋಟಾದ ನೌಕರಿಯಾಗಿತ್ತು. ಹಾಗಾಗಿ ಹುಡುಗನ ಕಾಲಿನ ಬಲ ಆ ಮನೆಯ ಅನ್ನದ ಲೆಕ್ಕಕ್ಕೂ ಸೇರುತ್ತಿತ್ತು. ಸೊಂಟ ಹಿಡಿದುಕೊಂಡ ಆಟಗಾರ ಆಯ್ಕೆಯ ದಿನಕ್ಕೆ ಮುಂಚೆ ಯಾರ ಮುಂದೆ ಬೇಕಾದರೂ ಬೆನ್ನು ಒಡ್ಡುತ್ತಾನೆ. ಅವನಿಗೆ ಆಸೆ ತೋರಿಸುವವರು ಏನನ್ನು ಮಾರುತ್ತಿದ್ದಾರೆಂದು ನಾವು ಸರಿಯಾಗಿ ತಿಳಿದಿರಬೇಕಾದ ಕಾರಣ ಇದೇ.

ಬೆನ್ನಿನ ಮೇಲೆ ಕೈಯಿಡುವ ವಿದ್ಯೆ ಹಳೆಯದು. ಸುಶ್ರುತ ಸಂಹಿತೆ ಕಾಂಡಭಗ್ನವನ್ನೂ ಸಂಧಿಮುಕ್ತವನ್ನೂ, ಅಂದರೆ ಮುರಿದ ಮೂಳೆಯನ್ನೂ ಜಾರಿದ ಕೀಲನ್ನೂ, ಬೇರೆಬೇರೆಯಾಗಿ ವಿಂಗಡಿಸುತ್ತದೆ. ಗ್ರೀಕರ ಹಿಪೊಕ್ರೇಟಸನ ಪರಂಪರೆಯಲ್ಲಿ ರೋಗಿಯನ್ನು ಹಲಗೆಗೆ ಕಟ್ಟಿ ಬೆನ್ನನ್ನು ಎಳೆದು ಒತ್ತುವ ವಿಧಾನವಿತ್ತು. ಅದು ಇಬ್ನ್ ಸೀನಾನ ಗ್ರಂಥದ ಮೂಲಕ ಯುನಾನಿ ವೈದ್ಯಕ್ಕೆ ಬಂದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಅಭ್ಯಾಸಗಳಿಗೆ ಒಂದು ಪ್ರಕರಣವೇ ಮೀಸಲು. ನಮ್ಮ ಹಳ್ಳಿಗಳಲ್ಲಂತೂ ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದೆಂಬ ನಂಬಿಕೆ ಇನ್ನೂ ಬದುಕಿದೆ. ಇವೆಲ್ಲವುಗಳಲ್ಲಿ ಒಂದು ಅಂಶ ಗಮನಿಸಬೇಕು. ಹಳಬರು ಇದನ್ನು ನೋವಿಗೆ, ಪೆಟ್ಟಿಗೆ ಬಳಸಿದರು. ಬಲಕ್ಕೆ ಅವರು ಹೇಳಿದ್ದು ದಂಡ, ಬಸ್ಕಿ, ಕುಸ್ತಿಯ ಪಟ್ಟು, ಹಾಲು, ಕಾಳು. ಗರಡಿಯಲ್ಲಿ ಮಾಲೀಶು ಇತ್ತು, ಅದು ಸಾಮಿನ ಹಿಂದೆ ಬರುತ್ತಿತ್ತು; ಸಾಮಿನ ಬದಲಿಗೆ ಯಾರೂ ಅದನ್ನು ಹೇಳಲಿಲ್ಲ.

ಬಲದ ಮಾತು ಬಂದದ್ದು ಅಮೆರಿಕದಿಂದ. 1874ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಆಸ್ಟಿಯೋಪತಿಯನ್ನೂ, 1895ರಲ್ಲಿ ಅಯೋವಾದ ಡಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕ್ಕನ್ನೂ ಹುಟ್ಟುಹಾಕಿದರು. ಬೆನ್ನಿನ ಮಣಿಯೊಂದು ಜರುಗಿ ನರವನ್ನು ಅದುಮುತ್ತದೆ, ನರದ ಹರಿವು ಕುಂದುತ್ತದೆ, ಅಂಗಗಳು ಸೊರಗುತ್ತವೆ ಎಂಬುದು ಪಾಮರ್ ಅವರ ಸಿದ್ಧಾಂತದ ತಿರುಳು. ಅವರ ಮೊದಲ ರೋಗಿ ಕಿವುಡನಾಗಿದ್ದ ಕಟ್ಟಡದ ನೌಕರ. ಬೆನ್ನು ಒತ್ತಿದಾಗ ಕಿವಿ ಕೇಳಿಸಿತೆಂಬುದು ಆ ಪಂಥದ ಮೂಲಕಥೆ. ಕಿವಿಯ ನರ ತಲೆಬುರುಡೆಯ ಒಳಗೇ ಮಿದುಳಿಗೆ ಸೇರುತ್ತದೆ, ಬೆನ್ನಿಗೆ ಇಳಿಯುವುದೇ ಇಲ್ಲ. ಆದರೂ ಕಥೆಗೆ ನೂರಮೂವತ್ತು ವರ್ಷ ಆಯಸ್ಸು. ಇಂದಿನ ಅನೇಕ ಕೈರೋಪ್ರಾಕ್ಟರುಗಳೇ ಈ ಸಿದ್ಧಾಂತವನ್ನು ಬಿಟ್ಟಿದ್ದಾರೆ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಜರುಗಿದ ಮೂಳೆ ಕೂರುತ್ತದೆಯೆ? 1998ರಲ್ಲಿ ಸ್ವೀಡನ್ನಿನ ಸಂಶೋಧಕರು ಸೊಂಟದ ಕೆಳಗಿನ ಸ್ಯಾಕ್ರೋಇಲಿಯಾಕ್ ಕೀಲನ್ನು ಒತ್ತುವ ಮುನ್ನ ಮತ್ತು ಒತ್ತಿದ ನಂತರ ಅತಿಸೂಕ್ಷ್ಮ ಎಕ್ಸ್‌ರೇ ವಿಧಾನದಿಂದ ಅಳೆದರು. ಕೈಯಿಂದ ಮುಟ್ಟಿ ನೋಡಿದವರಿಗೆ ಕೀಲು ಸರಿಯಾಗಿ ಕೂತಿದೆ ಎನಿಸಿತ್ತು. ಚಿತ್ರಗಳಲ್ಲಿ ಮೂಳೆ ಇದ್ದಲ್ಲೇ ಇತ್ತು. ಇನ್ನು ಆ ಟಕ್ ಸದ್ದು. 1971ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು ಅದನ್ನು ಕೀಲಿನ ದ್ರವದಲ್ಲಿ ಗುಳ್ಳೆ ಒಡೆಯುವ ಸದ್ದೆಂದರು. 2015ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಬೆರಳಿನ ಗೆಣ್ಣನ್ನು ಎಂಆರ್‌ಐ ಯಂತ್ರದೊಳಗೇ ಎಳೆದು ನೋಡಿದಾಗ ಗುಳ್ಳೆ ಹುಟ್ಟುವ ಗಳಿಗೆಯಲ್ಲೇ ಸದ್ದು ಬರುವುದು ಕಂಡಿತು. ಒಡೆಯುವುದೋ ಹುಟ್ಟುವುದೋ ಎಂಬ ಜಗಳ ತಜ್ಞರಿಗಿರಲಿ. ಒಮ್ಮೆ ಸದ್ದು ಬಂದ ಕೀಲಿನಿಂದ ಸುಮಾರು 20 ನಿಮಿಷ ಮತ್ತೆ ಸದ್ದು ಬರುವುದಿಲ್ಲ; ಸದ್ದು ಬಂದರೂ ಬಾರದಿದ್ದರೂ ನೋವಿನ ಫಲಿತಾಂಶದಲ್ಲಿ ಗಮನಾರ್ಹ ಅಂತರವಿಲ್ಲ. ಅಂದಮೇಲೆ ಮೈಕು ಇಟ್ಟು ಕೇಳಿಸುವ ಆ ಸದ್ದಿಗೆ ಗುಳ್ಳೆಗಿಂತ ಹೆಚ್ಚಿನ ಅರ್ಥವಿಲ್ಲ.

ಹಾಗಾದರೆ ಒತ್ತಿದಾಗ ಆಗುವುದೇನು? ಸೊಂಟದ ಒತ್ತುವಿಕೆಯನ್ನೇ ನೋಡೋಣ. ಆಟಗಾರನನ್ನು ಮಗ್ಗುಲಾಗಿ ಮಲಗಿಸುತ್ತಾರೆ. ಮೇಲಿನ ಮಂಡಿಯನ್ನು ಮಡಿಸಿ ಮುಂದಕ್ಕೆ ತರುತ್ತಾರೆ, ಹೆಗಲನ್ನು ಹಿಂದಕ್ಕೆ ತಿರುಗಿಸುತ್ತಾರೆ. ಬೆನ್ನು ಹಗ್ಗದಂತೆ ಹುರಿಗೊಂಡು ಇನ್ನು ಸಾಗದು ಎನ್ನುವಲ್ಲಿಗೆ ಬಂದಾಗ ಒಂದು ಕ್ಷಣ ತಡೆದು, ಅಂಗೈ ಬುಡದಿಂದ ಚುಟುಕಾಗಿ ಒಂದು ತಳ್ಳು. ಆ ತಳ್ಳು ಒಂದು ಸೆಕೆಂಡಿನ ಐದನೆಯ ಒಂದು ಭಾಗದೊಳಗೆ ಮುಗಿಯುತ್ತದೆ. ಬೆನ್ನಿನ ಮಧ್ಯಭಾಗದಲ್ಲಿ ಅಳೆದಾಗ ಬಲ ಸುಮಾರು 400 ನ್ಯೂಟನ್, ಅಂದರೆ 40 ಕಿಲೋ ತೂಕದಷ್ಟು. ಕತ್ತಿನಲ್ಲಿ ಅದರ ಕಾಲುಭಾಗದ ಆಸುಪಾಸು. ಈ ದಿಢೀರ್ ಎಳೆತ ಬೆನ್ನಿನ ಸಣ್ಣ ಸ್ನಾಯುಗಳಲ್ಲಿ, ಕೀಲಿನ ಚೀಲದಲ್ಲಿ ಇರುವ ಸಂವೇದಕಗಳನ್ನು ಒಟ್ಟಿಗೇ ಎಬ್ಬಿಸುತ್ತದೆ. ಬೆನ್ನುಹುರಿಗೆ ಒಮ್ಮೆಲೇ ಸುದ್ದಿ ನುಗ್ಗುತ್ತದೆ. ಅದರಿಂದ ನೋವಿನ ಸುದ್ದಿ ಕೆಲಹೊತ್ತು ಹಿಂದೆ ಸರಿಯುತ್ತದೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಬಾಗುವ ತಿರುಗುವ ಹರವು ಸ್ವಲ್ಪ ಹೆಚ್ಚುತ್ತದೆ. ಮೂಳೆ ಕೂತದ್ದರಿಂದ ಅಲ್ಲ, ನರಮಂಡಲ ಎಚ್ಚೆತ್ತದ್ದರಿಂದ ಆಗುವ ಬದಲಾವಣೆ ಇದು. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಇಲ್ಲಿಂದ ಬಲಕ್ಕೆ ಬರೋಣ. ಸ್ನಾಯುವಿನ ಬಲಕ್ಕೆ ಎರಡು ಆಧಾರಗಳು. ಒಂದು ಸ್ನಾಯುವಿನ ಗಾತ್ರ, ಇನ್ನೊಂದು ಆ ಸ್ನಾಯುವಿನ ಎಷ್ಟು ಎಳೆಗಳನ್ನು ಮಿದುಳು ಕೆಲಸಕ್ಕೆ ಹಚ್ಚಬಲ್ಲದು ಎಂಬುದು. ಗಾತ್ರ ತಿಂಗಳುಗಟ್ಟಲೆ ಭಾರ ಎತ್ತಿದರೆ ಬೆಳೆಯುತ್ತದೆ. ಯಾರ ಕೈಯೂ ಅದನ್ನು ಒಂದು ಗಳಿಗೆಯಲ್ಲಿ ಬೆಳೆಸಲಾರದು. ಎರಡನೆಯದನ್ನು ಅಳೆಯಲು ಪ್ರಯೋಗಾಲಯದಲ್ಲಿ ಒಂದು ಉಪಾಯವಿದೆ. ಆಟಗಾರ ಮಂಡಿಯನ್ನು ಪೂರ್ತಿ ಶಕ್ತಿಯಿಂದ ಚಾಚುತ್ತಿರುವಾಗಲೇ ತೊಡೆಯ ನರಕ್ಕೆ ವಿದ್ಯುತ್ ಮಿಡಿತ ಕೊಡುತ್ತಾರೆ. ಬಲ ತೋರಿಸುವ ಮುಳ್ಳು ಇನ್ನಷ್ಟು ಮೇಲೇರಿದರೆ ಮಿದುಳು ಒಂದಿಷ್ಟು ಎಳೆಗಳನ್ನು ಕರೆಯದೆ ಬಿಟ್ಟಿದೆ ಎಂದರ್ಥ. ನೋವಿಲ್ಲದ ಆರೋಗ್ಯವಂತರಲ್ಲಿ ಈ ಬಿಟ್ಟುಹೋದ ಪಾಲು ಸಾಮಾನ್ಯವಾಗಿ ಶೇಕಡಾ ಹತ್ತನ್ನು ದಾಟುವುದಿಲ್ಲ. ಮಂಡಿಗೆ ಪೆಟ್ಟು ಬಿದ್ದವರಲ್ಲಿ, ಬಾವು ಬಂದವರಲ್ಲಿ, ಬೆನ್ನು ನೋವಿರುವವರಲ್ಲಿ ಅದು ಹೆಚ್ಚು. ಹಿಡಿದ ಬ್ರೇಕಿನಲ್ಲಿ ಓಡುತ್ತಿರುವ ಸ್ಕೂಟರಿನ ಸ್ಥಿತಿ ಅವರದು: ಎಂಜಿನ್ ಸರಿಯಿದೆ, ಚಕ್ರ ಉಜ್ಜುತ್ತಿದೆ. ಬ್ರೇಕು ಸಡಿಲಿಸಿದರೆ ವೇಗ ಬರುತ್ತದೆ, ನಿಜ. ಹಾಗೆಂದು ಬ್ರೇಕು ಹಿಡಿಯದ ಗಾಡಿಗೂ ಅದೇ ರಿಪೇರಿ ಮಾಡಿಸಿದರೆ ಬರುವ ಲಾಭವೇನು?

ಪ್ರಯೋಗಗಳ ಫಲಿತಾಂಶಗಳನ್ನು ಈ ಬೆಳಕಿನಲ್ಲಿ ಓದಿದರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ. 2000ದ ಆಸುಪಾಸಿನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಮಂಡಿಯ ಮುಂಭಾಗದಲ್ಲಿ ನೋವಿದ್ದವರ ಸ್ಯಾಕ್ರೋಇಲಿಯಾಕ್ ಕೀಲನ್ನು ಒತ್ತಿದಾಗ ತೊಡೆಯ ಸ್ನಾಯುವಿನ ತಡೆ ಕಡಿಮೆಯಾಯಿತು. 2015ರಲ್ಲಿ ನ್ಯೂಜಿಲೆಂಡಿನ ಕೈರೋಪ್ರಾಕ್ಟಿಕ್ ಕಾಲೇಜಿನ ಸಂಶೋಧಕರು ಪಾಲ್ಗೊಂಡ ಅಧ್ಯಯನದಲ್ಲಿ ಮೀನಖಂಡದ ಬಲ ಸರಾಸರಿ ಶೇಕಡಾ 16ರಷ್ಟು ಹೆಚ್ಚಿತು. ಇಂದಿರಾನಗರದ ಜಾಹೀರಾತುಗಳಲ್ಲಿ ಕಾಣುವಂಥ ಸಂಖ್ಯೆಗಳ ತವರು ಇಂಥ ಅಧ್ಯಯನಗಳೇ. ಆದರೆ ಅಲ್ಲಿ ಪರೀಕ್ಷೆಗೆ ಬಂದವರು ಬೆನ್ನಿನಲ್ಲಿ ಆಗಾಗ ಬಿಗಿತ, ಸಣ್ಣ ನೋವು ಇದ್ದವರು. ಇನ್ನೂ ಒಂದು ವಿಷಯ: ಒತ್ತಿಸಿಕೊಳ್ಳದ ದಿನ ಅದೇ ಜನರ ಬಲ ಎರಡನೆಯ ಅಳತೆಯಲ್ಲಿ ಕುಸಿದಿತ್ತು, ಅಂದರೆ ದಣಿವಿನ ಪಾಲೂ ಲೆಕ್ಕದಲ್ಲಿತ್ತು. 2018ರಲ್ಲಿ ಅದೇ ಬಗೆಯ ಪರೀಕ್ಷೆಯನ್ನು ಉನ್ನತ ಮಟ್ಟದ ಟೇಕ್ವಾಂಡೊ ಪಟುಗಳ ಮೇಲೆ ನಡೆಸಿ, ಬಲದ ಹೆಚ್ಚಳ ಅರ್ಧ ಗಂಟೆಯ ಹೊತ್ತು ಉಳಿಯಿತೆಂದು ವರದಿ ಮಾಡಿದರು. ಪಟುಗಳು ಹನ್ನೊಂದು ಮಂದಿ. ಹನ್ನೊಂದು ಮಂದಿಯಿಂದ ಫುಟ್‌ಬಾಲ್ ತಂಡ ಕಟ್ಟಬಹುದು, ಸಿದ್ಧಾಂತ ಕಟ್ಟಲಾಗದು. ಬ್ರೆಜಿಲಿನ ಜೂಡೊ ಪಟುಗಳಲ್ಲಿ ಕತ್ತಿನ ಒತ್ತುವಿಕೆಯಿಂದ ಮುಷ್ಟಿಯ ಹಿಡಿತ ಹೆಚ್ಚಿತೆಂಬ 2012ರ ವರದಿಯೂ ಸಣ್ಣ ಗಾತ್ರದ್ದೇ.

ನಮ್ಮ ಗೌತಮಪುರಕ್ಕೆ ನೇರವಾಗಿ ತಾಗುವ ಪರೀಕ್ಷೆ ದಕ್ಷಿಣ ಆಫ್ರಿಕದ ಡರ್ಬನ್‌ನದು. ನೋವಿಲ್ಲದ ನಲವತ್ತು ಫುಟ್‌ಬಾಲ್ ಆಟಗಾರರು. ಕೆಲವರಿಗೆ ಸೊಂಟ ಒತ್ತಿದರು, ಕೆಲವರಿಗೆ ಸ್ಯಾಕ್ರೋಇಲಿಯಾಕ್ ಕೀಲು, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿ ಚಿಕಿತ್ಸೆ. ನಿಜವಾಗಿ ಒತ್ತಿಸಿಕೊಂಡವರಲ್ಲಿ ಬೆನ್ನಿನ ಹರವೂ ಒದೆತದ ವೇಗವೂ ಸ್ವಲ್ಪ ಹೆಚ್ಚಿದವು. 2015ರಲ್ಲಿ ಪ್ರಕಟವಾದ ಈ ವರದಿ ಕೈಗೆ ಬಂದಾಗ ಸಂತೋಷಪಡುವುದು ಸಹಜ. ಆದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಅಲ್ಲಿ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿರಲಿಲ್ಲ, ಅಳೆದದ್ದು ಆ ಕ್ಷಣದ ಒದೆತವನ್ನು ಮಾತ್ರ, ಪ್ರತಿ ಗುಂಪಿನಲ್ಲಿ ಹತ್ತು ಜನ. ಲೇಖಕರೇ ಅದನ್ನು ಪೂರ್ವಸಿದ್ಧತೆಯ ಅಧ್ಯಯನವೆಂದು ಕರೆದಿದ್ದಾರೆ. ಪಂದ್ಯದ ಎಂಬತ್ತನೆಯ ನಿಮಿಷದಲ್ಲಿ, ಎದುರಾಳಿ ಮೈಮೇಲೆ ಬಿದ್ದಿರುವಾಗ ಒದೆಯುವ ಚೆಂಡಿಗೂ ಪ್ರಯೋಗದ ಚೆಂಡಿಗೂ ಬಹಳ ಅಂತರ.

ಓಟದ ಕಡೆ ತಿರುಗಿದರೆ ಉತ್ಸಾಹ ಇಳಿಯುತ್ತದೆ. ಸ್ವೀಡನ್ನಿನ ಕಿರಿಯ ಓಟಗಾರರಲ್ಲಿ ಸೊಂಟದ ಹಿಂಚಾಚು ಹೆಚ್ಚಿತು, 30 ಮೀಟರ್ ಓಟದ ಸಮಯದಲ್ಲಿ ಭರವಸೆಯಿಂದ ಹೇಳಬಹುದಾದ ಸುಧಾರಣೆ ಕಾಣಲಿಲ್ಲ. ಕೆನಡಾದ ಉನ್ನತ ಮಟ್ಟದ ಕ್ರೀಡಾಪಟುಗಳ ಜಿಗಿತದಲ್ಲೂ ಓಟದಲ್ಲೂ ಅದೇ ಕಥೆ. ಸೈಕಲ್ ಸವಾರರಲ್ಲೂ ಫಲ ಸಿಗಲಿಲ್ಲ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿದ ಒಂದು ವಿಮರ್ಶೆ, ನೋವಿಲ್ಲದ ಆರೋಗ್ಯವಂತ ವಯಸ್ಕರಲ್ಲಿ ಹುಸಿ ಚಿಕಿತ್ಸೆಗೆ ಹೋಲಿಸಿದಾಗ ಈ ಒತ್ತುವಿಕೆಯಿಂದ ಪ್ರಯೋಜನಕ್ಕೆ ಬರುವಷ್ಟು ಸುಧಾರಣೆ ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಅದು ಪ್ರಕಟವಾದದ್ದು ಕೈರೋಪ್ರಾಕ್ಟಿಕ್ ಕ್ಷೇತ್ರದ್ದೇ ನಿಯತಕಾಲಿಕದಲ್ಲಿ. ತಮ್ಮ ವೃತ್ತಿಯ ಬಗ್ಗೆ ಇಷ್ಟು ನಿಷ್ಠುರವಾಗಿ ಬರೆದ ಆ ಸಂಶೋಧಕರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಇಲ್ಲಿ ಹುಸಿ ಚಿಕಿತ್ಸೆಯ ಬಗ್ಗೆ ಒಂದು ಮಾತು. ಮಾತ್ರೆಯ ಪರೀಕ್ಷೆಯಲ್ಲಿ ಹಿಟ್ಟಿನ ಗುಳಿಗೆ ಕೊಟ್ಟು ಮರೆಮಾಚಬಹುದು. ಬೆನ್ನನ್ನು ತಿರುಗಿಸಿ ಟಕ್ ಎನಿಸಿದ್ದನ್ನು ಮರೆಮಾಚುವುದು ಹೇಗೆ? ಒತ್ತಿಸಿಕೊಂಡವನಿಗೆ ಅದು ಗೊತ್ತೇ ಇರುತ್ತದೆ. ಗೊತ್ತಿರುವುದು ಬಲದ ಅಳತೆಯಲ್ಲಿ ಸಣ್ಣ ಸಂಗತಿಯಲ್ಲ. 1961ರಲ್ಲಿ ಇಕಾಯಿ ಮತ್ತು ಸ್ಟೈನ್‌ಹಾಸ್ ಎಂಬ ಸಂಶೋಧಕರು ತೋಳಿನ ಬಲ ಅಳೆಯುವಾಗ ಹಿಂದೆ ಗುಂಡು ಹಾರಿಸಿದರು, ಪರೀಕ್ಷೆಗೆ ಬಂದವರಿಂದಲೇ ಕೂಗು ಹಾಕಿಸಿದರು, ಸಮ್ಮೋಹನವನ್ನೂ ಬಳಸಿದರು. ಪ್ರತಿ ಸಲವೂ ಬಲ ಏರಿತು. ನಮ್ಮ ಪೈಲ್ವಾನರು ತೊಡೆ ತಟ್ಟಿ ಅಖಾಡಕ್ಕೆ ಇಳಿಯುವುದರ ಹಿಂದೆ ಇರುವ ಅನುಭವ ಇದೇ. ಒಂದು ಕೂಗಿನಿಂದ ಬರುವಷ್ಟೇ ಹೆಚ್ಚಳಕ್ಕೆ ಬೆನ್ನು ತಿರುಚಿಸಿಕೊಳ್ಳುವುದು ದುಬಾರಿ ದಾರಿ ಎಂದೇ ನನಗನ್ನಿಸುತ್ತದೆ.

ಬೆನ್ನು ನೆಟ್ಟಗಿದ್ದರೇ ಬಲ ಎಂಬ ವಾದಕ್ಕೂ ಉತ್ತರ ಬೇಕಲ್ಲ. ಉಸೇನ್ ಬೋಲ್ಟ್ ಅವರ ಬೆನ್ನುಮೂಳೆ ಹುಟ್ಟಿನಿಂದಲೇ ಪಕ್ಕಕ್ಕೆ ಬಾಗಿದೆ. ಅದನ್ನು ಅವರೇ ಹೇಳಿಕೊಂಡಿದ್ದಾರೆ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು ಆ ಬಾಗಿದ ಬೆನ್ನು. ಅವರು ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಗೆಲ್ಲಲಿಲ್ಲ, ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳನ್ನು ಗಟ್ಟಿಮಾಡಿಕೊಂಡು ಆ ಡೊಂಕಿನ ಜೊತೆಗೇ ಗೆದ್ದರು.

ನೋವಿನ ವಿಷಯದಲ್ಲಿ ಇದೇ ನಿಷ್ಠುರತೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಹೇಳಿದ ಉಪಾಯಗಳಲ್ಲಿ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ ಬೆನ್ನಿನ ಹಸ್ತಚಿಕಿತ್ಸೆಯನ್ನೂ ಷರತ್ತಿನೊಂದಿಗೆ ಸೇರಿಸಿದೆ. ಉಳಿದ ಒಳ್ಳೆಯ ಚಿಕಿತ್ಸೆಗಳಿಗಿಂತ ಅದು ಮೇಲಲ್ಲ, ಕೀಳೂ ಅಲ್ಲ. ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ, ಆಮೇಲೆ ಕಚೇರಿಯ ಕುರ್ಚಿಯಲ್ಲಿ ಐದು ದಿನ ಕೂತು, ಶನಿವಾರ ಸಂಜೆ ಬಾಡಿಗೆಯ ಟರ್ಫಿನಲ್ಲಿ ಫುಟ್‌ಬಾಲ್ ಆಡಲು ಹೋಗಿ ಸೊಂಟ ಹಿಡಿಸಿಕೊಳ್ಳುವ ತರುಣ ಇಂದಿನ ಪೂರ್ವ ಬೆಂಗಳೂರಿನ ಮಾದರಿ ರೋಗಿ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರು ಪರೀಕ್ಷಿಸಿ, ವ್ಯಾಯಾಮದ ಜೊತೆಗೆ ಒಂದೆರಡು ಸಲ ಸೊಂಟ ಒತ್ತಿದರೆ ಅವನಿಗೆ ಆರಾಮವಾಗಬಹುದು. ಮಾರನೆಯ ದಿನ ಅರ್ಧದಷ್ಟು ಮಂದಿಗೆ ಮೈಕೈ ನೋವು ಬರುವುದುಂಟು, ಎರಡು ದಿನದಲ್ಲಿ ಇಳಿಯುತ್ತದೆ. ಇದರಲ್ಲಿ ಆಕ್ಷೇಪಕ್ಕೆ ಜಾಗವಿಲ್ಲ. ಮುಂದೆ ಅದೇ ತರುಣನಿಗೆ ಆಟ ಚುರುಕಾಗಲೆಂದು ತಿಂಗಳಿಗೆ ನಾಲ್ಕು ಸಲದ ಪ್ಯಾಕೇಜು ಮಾರುವುದಕ್ಕೆ ನನ್ನ ಆಕ್ಷೇಪ.

ಕತ್ತಿನ ವಿಷಯ ಬೇರೆಯೇ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಮೇಲಿನ ಆರು ಮಣಿಗಳ ಪಕ್ಕದ ತೂತುಗಳೊಳಗೆ ನುಸುಳಿಕೊಂಡು ಮೇಲೇರುತ್ತವೆ. ಮೊದಲನೆಯ ಮಣಿಯ ಮೇಲೆ ಬಳಸಿ ತಿರುಗಿ ತಲೆಬುರುಡೆಯನ್ನು ಹೊಗುತ್ತವೆ. ತಲೆಯನ್ನು ಗಕ್ಕನೆ ತಿರುಗಿಸಿದಾಗ ಹೆಚ್ಚು ಎಳೆತ ಬೀಳುವುದು ಈ ತಿರುವಿನಲ್ಲೇ. ಧಮನಿಯ ಒಳಪದರ ಸೀಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ಅಪರೂಪ, ಆದರೆ ಬಡಿದಾಗ ಬಡಿಯುವುದು ಬಹುಮಟ್ಟಿಗೆ ಪ್ರಾಯದವರನ್ನು. 2024ರಲ್ಲಿ ಬಳ್ಳಾರಿಯ ಕ್ಷೌರದಂಗಡಿಯೊಂದರಲ್ಲಿ ತಲೆ ಮಾಲೀಶಿನ ಕೊನೆಗೆ ಕತ್ತು ತಿರುಚಿಸಿಕೊಂಡ ಯುವಕನೊಬ್ಬನಿಗೆ ಹೀಗೆಯೇ ಆಗಿ, ಬೆಂಗಳೂರಿಗೆ ತಂದು ಚಿಕಿತ್ಸೆ ಕೊಡಿಸಿದ್ದನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ಮುಷ್ಟಿಯ ಹಿಡಿತ ಒಂದಿಷ್ಟು ಬಿಗಿಯಾದೀತೆಂಬ ಆಸೆಗೆ ನೋವಿಲ್ಲದ ಕತ್ತನ್ನು ಒಡ್ಡುವುದು, ನನ್ನ ಲೆಕ್ಕದಲ್ಲಿ, ಯಾವ ಆಟಕ್ಕೂ ತಕ್ಕ ಬೆಲೆಯಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಫಿಸಿಯೋಥೆರಪಿ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಸೇರಿದೆ. ಕೈರೋಪ್ರಾಕ್ಟಿಕ್‌ಗೆ ನಮ್ಮ ದೇಶದಲ್ಲಿ ತನ್ನದೇ ಆದ ಶಾಸನಬದ್ಧ ಮಂಡಳಿ ಇಲ್ಲ. ಹಾಗಾಗಿ ಗೋಡೆಯ ಮೇಲಿನ ಪ್ರಮಾಣಪತ್ರ ನಾಲ್ಕೈದು ವರ್ಷದ ಓದಿನದೋ ವಾರಾಂತ್ಯದ ಶಿಬಿರದ್ದೋ ಎಂಬುದನ್ನು ವಿಚಾರಿಸಿಕೊಳ್ಳುವ ಹೊಣೆ ಆಟಗಾರನ ತಲೆಗೇ ಬರುತ್ತದೆ.

ಹಾಗಾದರೆ ಬಲ ಎಲ್ಲಿಂದ? ಉತ್ತರ ಹಳೆಯದು, ಅದಕ್ಕೇ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಭಾರ ಎತ್ತುವ ಅಭ್ಯಾಸದ ಮೊದಲ ಕೆಲವು ವಾರಗಳಲ್ಲಿ ಬರುವ ಬಲ ಬಹುಪಾಲು ನರಮಂಡಲದ್ದೇ. ಮಿದುಳು ಹೆಚ್ಚು ಎಳೆಗಳನ್ನು ಕರೆಯಲು ಕಲಿಯುತ್ತದೆ. ಬೆನ್ನು ಒತ್ತಿಸಿಕೊಂಡು ಸ್ವಲ್ಪ ಹೊತ್ತಿಗೆ ಪಡೆಯಲು ಹೊರಟದ್ದನ್ನು ಇದು ಅಭ್ಯಾಸ ಬಿಡದಷ್ಟು ಕಾಲ ಕೊಡುತ್ತದೆ. ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಫುಟ್‌ಬಾಲಿನ ದೊಡ್ಡ ಶಾಪ. ಜೊತೆಗಾರನಿಂದ ಹಿಮ್ಮಡಿ ಹಿಡಿಸಿಕೊಂಡು, ಮಂಡಿಯೂರಿ, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ನಾರ್ಡಿಕ್ ವ್ಯಾಯಾಮದಿಂದ ಆ ಗಾಯಗಳು ಅರ್ಧದಷ್ಟು ಇಳಿಯುತ್ತವೆಂದು ಹಲವು ಪರೀಕ್ಷೆಗಳು ಒಟ್ಟಾಗಿ ತೋರಿಸಿವೆ. ಫಿಫಾ ರೂಪಿಸಿದ ಇಪ್ಪತ್ತು ನಿಮಿಷದ ಸಿದ್ಧತಾ ವ್ಯಾಯಾಮ ನಾರ್ವೆಯ ಬಾಲಕಿಯರಲ್ಲಿ ಗಾಯಗಳನ್ನು ಸುಮಾರು ಮೂರನೆಯ ಒಂದು ಪಾಲು ತಗ್ಗಿಸಿತು. ಎರಡಕ್ಕೂ ಉಪಕರಣ ಬೇಡ, ಶುಲ್ಕ ಬೇಡ, ಮಣ್ಣಿನ ಮೈದಾನವೇ ಸಾಕು. ಹಲಸೂರಿನ ಹುಡುಗರಿಗೆ ಇದನ್ನು ಕಲಿಸಲು ಒಬ್ಬ ತರಬೇತುದಾರ, ಒಂದು ಸಂಜೆ ಸಾಕು.

ಇಲ್ಲಿರುವ ಸಂಸ್ಥೆಗಳ ಮುಂದೆ ನನ್ನದೊಂದು ಬೇಡಿಕೆಯಿದೆ. ನಾನು ಹೇಳಿದ ಪರೀಕ್ಷೆಗಳು ಡರ್ಬನ್, ಕ್ಯಾಲ್ಗರಿ, ಸ್ವೀಡನ್ನುಗಳವು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಸುತ್ತಮುತ್ತ ಫುಟ್‌ಬಾಲ್ ಕ್ಲಬ್ಬುಗಳಿಗೆ, ಸೇನೆಯ ತರಬೇತಿ ಕೇಂದ್ರಗಳಿಗೆ ಬರವಿಲ್ಲ. ನೋವಿರುವವರನ್ನೂ ಇಲ್ಲದವರನ್ನೂ ಬೇರೆಬೇರೆ ಗುಂಪು ಮಾಡಿ, ಚೀಟಿ ಎತ್ತಿ ಹಂಚಿ, ಒತ್ತಿಸಿಕೊಂಡವರು ಯಾರೆಂದು ತಿಳಿಯದ ಇನ್ನೊಬ್ಬರಿಂದ ಅಳೆಸಿ, ಆ ಕ್ಷಣದ ಬಲವನ್ನಷ್ಟೇ ಅಲ್ಲದೆ ಇಡೀ ಋತುವಿನ ಆಟವನ್ನೂ ಗಾಯವನ್ನೂ ದಾಖಲಿಸುವ ಪರೀಕ್ಷೆಯೊಂದು ಇಲ್ಲೇ ನಡೆಯಲಿ. ಒಂದು ಗುಂಪಿಗೆ ನಾರ್ಡಿಕ್ ವ್ಯಾಯಾಮವನ್ನಷ್ಟೇ ಕೊಡಲಿ. ಫಲ ನನ್ನ ಮಾತಿಗೆ ವಿರುದ್ಧವಾಗಿ ಬಂದರೆ ಈ ಉಪನ್ಯಾಸದ ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಅದನ್ನೇ ಮೊದಲ ಪುಟದಲ್ಲಿ ಅಚ್ಚು ಹಾಕಬೇಕು.

ಆಟಗಾರರಿಗೆ ಹೇಳಬೇಕಾದದ್ದು ಇಷ್ಟು. ನೋವಿಲ್ಲದ ಬೆನ್ನನ್ನು ಬಲಕ್ಕಾಗಿ ಯಾರ ಕೈಗೂ ಕೊಡಬೇಡಿ. ಕ್ಷೌರದ ಕುರ್ಚಿಯಲ್ಲಿ ಕೂತಾಗ ಕತ್ತು ತಿರುಗಿಸುವುದು ಬೇಡವೆಂದು ಮೊದಲೇ ಹೇಳಿಬಿಡಿ. ಸೊಂಟನೋವಿನ ಜೊತೆಗೆ ಪಾದ ಸೋತು ಜೋತುಬಿದ್ದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಒತ್ತುವವರ ಬಳಿಗಾಗಲಿ ಕಟ್ಟು ಹಾಕುವವರ ಬಳಿಗಾಗಲಿ ಹೋಗಬೇಡಿ; ಬೆಳಗಾಗಲೆಂದು ಕಾಯದೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.